ಕಪಿಲೆ ಹರಿದು ಬಂದಳು, ಅಕ್ಕನ ದಾಖಲೆ ಬರಲಿಲ್ಲ

ಆಸ್ಪತ್ರೆಗಳ ಗಣಕೀಕರಣದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಮೊದಲಿಗೆ ನನ್ನ ಕೈಬರಹಕ್ಕೂ ಕಾಗುಣಿತಕ್ಕೂ ಕ್ಷಮೆ ಇರಲಿ. ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಆಮೇಲಿನ ವಿದ್ಯೆಯೆಲ್ಲ ಬೋರ್ಡು ಬರೆಯುತ್ತ ಬಂದದ್ದು. ಮೊಳದುದ್ದದ ಅಕ್ಷರ ಬರೆದು ರೂಢಿಯಾದ ಕೈ ಗೆರೆ ಎಳೆದ ಹಾಳೆಯಲ್ಲಿ ಗೆರೆ ದಾಟಿ ಓಡುತ್ತದೆ. ಈ ಪತ್ರದಲ್ಲಿ 'ಅನುಷ್ಠಾನ', 'ಲೋಕಾರ್ಪಣೆ' ಎಂಬಂಥ ದೊಡ್ಡ ಮಾತುಗಳು ಬಂದರೆ ನಾನು ಮೆರೆಯುತ್ತಿದ್ದೇನೆಂದು ತಿಳಿಯಬೇಡಿ. ಅವು ನಿಮ್ಮವೇ. ನಿಮ್ಮ ಗೋಡೆಗಳ ಮೇಲೆ ಬರೆದು ಬರೆದು ನನಗೆ ಅಂಟಿಕೊಂಡವು. ಎದುರು ನಿಂತು ಹೇಳೋಣವೆಂದರೆ ದೊಡ್ಡವರ ಮುಂದೆ ನನ್ನ ನಾಲಿಗೆ ಏಳುವುದಿಲ್ಲ. ಅದಕ್ಕೇ ಈ ಪತ್ರಿಕೆಯವರ ಕಾಲು ಹಿಡಿದು ಜಾಗ ಕೇಳಿದ್ದೇನೆ.

ದೂರು ಇಷ್ಟೇ. ನನ್ನ ಅಕ್ಕ ಮಧುಶ್ರೀಗೆ ಒಂದು ಇಂಜೆಕ್ಷನ್ ಆಗುವುದಿಲ್ಲ. ಕೊಟ್ಟರೆ ಜೀವ ಹೋಗಬಹುದು. ಅದು ಯಾವ ಇಂಜೆಕ್ಷನ್ ಎಂದು ಒಂದು ಕಾರ್ಡಿನಲ್ಲಿ ಬರೆದಿತ್ತು. ಆ ಕಾರ್ಡನ್ನು ನಿಮ್ಮ ಆಸ್ಪತ್ರೆಯವರು ಇಸಿದುಕೊಂಡು ಕಂಪ್ಯೂಟರಿಗೆ ಹಾಕಿದರು. ಈಗ ಕಾರ್ಡೂ ಇಲ್ಲ, ಕಂಪ್ಯೂಟರಿನಲ್ಲಿ ಆ ಹೆಸರೂ ಇಲ್ಲ. ಅಕ್ಕನಿಗೆ ಮಾತ್ರ ಈ ತಿಂಗಳೇ ಹೆರಿಗೆ. ಹೆರಿಗೆಯನ್ನು ಮುಂದಿನ ಆರ್ಥಿಕ ವರ್ಷಕ್ಕೆ ಮುಂದೂಡಲು ಸಾಧ್ಯವೇ ಎಂದು ವಿಚಾರಿಸಿದೆವು. ಇಲ್ಲವಂತೆ.

ನಿಮ್ಮ ಯೋಜನೆಯ ಲೋಕಾರ್ಪಣೆಯ ದಿನ ನಾನೂ ಅಲ್ಲಿದ್ದೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ನಂಜನಗೂಡಿನ ಕಡೆಯದು ಎಂದರೆ ಸಾಕು, ನಿಮಗೆ ತಿಳಿಯುತ್ತದೆ. ನನ್ನ ಭಾವ ಬೆಟ್ಟಸ್ವಾಮಿ ಕವಲಂದೆಯವರು. ಅವರಿಗೆ ಅಲ್ಲಿನ ಗುಮಾಸ್ತರೊಬ್ಬರ ಪರಿಚಯವಿದ್ದುದರಿಂದ ಬಾಗಿಲ ಮೇಲಿನ ಬೋರ್ಡು ಬರೆಯುವ ಕೆಲಸ ನನಗೆ ಸಿಕ್ಕಿತು. 'ಕಾಗದರಹಿತ ಆಸ್ಪತ್ರೆ' ಎಂದು ನೀಲಿ ಬಣ್ಣದಲ್ಲಿ ಬರೆದು, ಅಂಚಿಗೆ ಹಳದಿ ನೆರಳು ಕೊಟ್ಟೆ. ನೀವು ಕಾರಿನಿಂದ ಇಳಿದು ಅದನ್ನು ನೋಡಿ ತಲೆಯಾಡಿಸಿದಿರಿ. ಅಂದು ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಕಾಯಿ ಒಡೆದು, ಬಾಗಿಲಲ್ಲಿ ನಿಂಬೆಹಣ್ಣು ತುಳಿಸಿದ ಮೇಲೆ ನೀವು ಭಾಷಣ ಮಾಡಿದಿರಿ. "ಇನ್ನು ಮುಂದೆ ತಾಯಂದಿರು ಕಾರ್ಡು ಹೊತ್ತು ತಿರುಗಬೇಕಿಲ್ಲ. ಎಲ್ಲಿ ಕಂಪ್ಯೂಟರ್ ಇದೆಯೋ ಅಲ್ಲಿ ನಿಮ್ಮ ಇಡೀ ಚರಿತ್ರೆ ಇರುತ್ತದೆ" ಎಂದಿರಿ. ಚಪ್ಪಾಳೆ ಬಿತ್ತು. ನೀವು ಗುಂಡಿ ಒತ್ತಿದಿರಿ. ಕರೆಂಟು ಹೋಯಿತು. ಅದಕ್ಕೂ ಚಪ್ಪಾಳೆ ಬಿತ್ತು. ಜನರಿಗೆ ಯಾವುದು ಕಾರ್ಯಕ್ರಮದ ಭಾಗ, ಯಾವುದು ಅಲ್ಲ ಎಂದು ಗೊತ್ತಾಗಬೇಕಲ್ಲ?

ಈಗ ಆ ಕಾರ್ಡಿನ ವಿಷಯ. ಅಕ್ಕನಿಗೆ ಐದನೇ ತಿಂಗಳಲ್ಲಿ ಜ್ವರ ಬಂದು, ಇದೇ ಆಸ್ಪತ್ರೆಗೆ ಕರೆದೊಯ್ದಿದ್ದರು. ಒಂದರ ಹಿಂದೆ ಒಂದು ಎರಡು ಸೂಜಿ ಹಾಕಿದರು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದೆದ್ದು, ನಾಲಿಗೆ ಊದಿ, ಉಸಿರು ಸಿಕ್ಕಿಕೊಂಡಿತು. ಅಲ್ಲಿದ್ದ ಡಾಕ್ಟರು ಒಳ್ಳೆಯವರು, ಓಡಿ ಬಂದು ಉಳಿಸಿದರು. ಎರಡರಲ್ಲಿ ಯಾವುದು ಹೀಗೆ ಮಾಡಿತೆಂದು ಪತ್ತೆ ಹಚ್ಚಿ, ಅದರ ಹೆಸರನ್ನು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು, "ತಾಯಿ, ಈ ಕಾರ್ಡು ನಿನ್ನ ತಾಳಿಯಷ್ಟೇ ಜೋಪಾನ" ಎಂದು ಹೇಳಿ ಕಳಿಸಿದರು. ಆ ಕಾರ್ಡನ್ನು ನಾನೂ ನೋಡಿದ್ದೆ. ಹೆಸರು ಇಂಗ್ಲಿಷಿನಲ್ಲಿತ್ತು. ಕೆಂಪು ಯಾವ ಬಗೆಯ ಕೆಂಪು ಎಂದು ಇಂದಿಗೂ ಕಲಸಿ ತೋರಿಸಬಲ್ಲೆ. ಅಕ್ಷರ ಮಾತ್ರ ನೆನಪಿಲ್ಲ.

ಅಕ್ಕನ ಅತ್ತೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಸುರಿಯನ್ನು ತವರಿಗೆ ಕಳಿಸುವಾಗ ಮಡಿಲಿಗೆ ಹಾಕಬೇಕೆಂದು ಬಳೆ, ಕೊಬ್ಬರಿ ಇಟ್ಟಿದ್ದ ಡಬ್ಬದಲ್ಲೇ ಇಟ್ಟಿದ್ದರು. ನಮ್ಮ ಕಡೆ ಹೀಗೆ ಮಾಡುತ್ತಾರೆ. ಮಡಿಲಕ್ಕಿ ಎಲ್ಲಿಗೋ ಕಾರ್ಡೂ ಅಲ್ಲಿಗೆ. ಇದನ್ನು ಯಾವ ತಜ್ಞರೂ ಯೋಜಿಸಿದ್ದಲ್ಲ. ಆದರೂ ಅಲ್ಲಿಯವರೆಗೆ ಒಂದು ಕಾರ್ಡೂ ದಾರಿ ತಪ್ಪಿರಲಿಲ್ಲ.

ಏಳನೇ ತಿಂಗಳ ತಪಾಸಣೆಗೆ ಹೋದಾಗ ನಿಮ್ಮ ಆದೇಶ ಬಂದಿತ್ತು. ಎಲ್ಲ ಕಾರ್ಡುಗಳನ್ನು ಹಿಂಪಡೆಯಬೇಕು. ಅಲ್ಲಿನ ನರ್ಸಮ್ಮ ಕೇಳಿದಾಗ ಅತ್ತೆ ಕೊಡಲು ಹಿಂದೆ ಮುಂದೆ ನೋಡಿದರಂತೆ.

"ಇದ್ನ ನಿಮ್ಗೆ ಕೊಟ್ಬುಟ್ರೆ ಮಗೀಗೆ ತವರ್ಮನೆಗೆ ಏನ್ ಕೊಟ್ ಕಳ್ಸನವ್ವ?"

"ಏನೂ ಬ್ಯಾಡ ಕಣಜ್ಜಿ. ಎಲ್ಲೋದ್ರೂ ಕಂಪ್ಯೂಟ್ರಲ್ಲಿ ಕಾಣ್ತದೆ. ಸಾಹೇಬ್ರೇ ಏಳವ್ರೆ."

ಸಾಹೇಬರೆಂದರೆ ನೀವು. ಅತ್ತೆ ಕಾರ್ಡು ಕೊಟ್ಟು, ಕಂಪ್ಯೂಟರಿಗೆ ಕೈಮುಗಿದು ಬಂದರು.

ಮಾನ್ಯರೇ, ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ತಮ್ಮ ತಾಯಿ ತಮ್ಮನ್ನು ಎಲ್ಲಿ ಹೆತ್ತರು? ತಮ್ಮ ತಂದೆಯ ಊರಿನಲ್ಲೋ, ತಾಯಿಯ ತವರಿನಲ್ಲೋ? ನಮ್ಮ ಸೀಮೆಯಲ್ಲಿ ಚೊಚ್ಚಲು ಬಸುರಿ ತವರಿಗೆ ಹೋಗುತ್ತಾಳೆಂಬುದು ಹಾಲು ಕರೆಯುವ ಹುಡುಗಿಗೂ ಗೊತ್ತು, ಬಸ್ಸಿನ ಕಂಡಕ್ಟರಿಗೂ ಗೊತ್ತು. ಮುಂದಿನ ಸೀಟು ಬಿಡಿಸಿಕೊಡುವಾಗ ಆತ ಕೇಳುವುದೇ "ಯಾವೂರವ್ವ ತವರು?" ಎಂದು. ಆದರೆ ನಿಮ್ಮ ಯಂತ್ರದ ಪ್ರಕಾರ ಹೆಂಗಸು ಎಂದರೆ ಗಂಡನ ಮನೆಯ ಗೋಡೆಗೆ ಹೊಡೆದ ಮೊಳೆ. ಎಲ್ಲಿ ನೋಂದಣಿಯಾದಳೋ ಅಲ್ಲೇ ಬಸುರಿಯಾಗಿ, ಅಲ್ಲೇ ಹೆತ್ತು, ಅಲ್ಲೇ ಇರತಕ್ಕದ್ದು. ಇಷ್ಟು ದೊಡ್ಡ ಯೋಜನೆಯ ಅನುಷ್ಠಾನ ಮಾಡುವಾಗ ನಿಮ್ಮ ಸಭೆಯಲ್ಲಿ ಒಬ್ಬರಾದರೂ ತಾಯಿ ಹೊಟ್ಟೆಯಲ್ಲಿ ಹುಟ್ಟಿದವರು ಇರಲಿಲ್ಲವೇ?

ನಮ್ಮೂರು ಹೆಮ್ಮಿಗೆ, ತಿ. ನರಸೀಪುರ ತಾಲ್ಲೂಕು. ಅಕ್ಕ ತವರಿಗೆ ಬಂದ ಮೇಲೆ ಅಮ್ಮ ಅವಳನ್ನು ನರಸೀಪುರದ ಕಡೆಯ ನಿಮ್ಮ ಇನ್ನೊಂದು ಆಸ್ಪತ್ರೆಗೆ ಕರೆದೊಯ್ದರು. ನಾನು ಚೀಲ ಹಿಡಿದುಕೊಂಡು ಹಿಂದೆ ಹೋದೆ. ಅಲ್ಲೂ ಹೊಸ ಕಂಪ್ಯೂಟರು, ಅಲ್ಲೂ ಒಣಗಿದ ಹಾರ. ಮೇಜಿನ ಹಿಂದೆ ಕುಳಿತಿದ್ದ ಸಿಸ್ಟರಮ್ಮ ಕೇಳಿದರು.

"ಕಾರ್ಡ್ ಎಲ್ಲಮ್ಮ?"

"ಕಂಪೂಟ್ರುಗೆ ಆಕವ್ರೆ ಕಣವ್ವ" ಎಂದರು ಅಮ್ಮ.

"ಯಾವ ಕಂಪ್ಯೂಟ್ರಿಗೆ?"

"ನಂಜನಗೂಡು ಕಡೇದ್ಕೆ. ಇಲ್ಲೂ ಅದಲ್ಲ, ಇದ್ರೊಳೀಕೆ ವಸಿ ನೋಡವ್ವ."

"ಅದೇ ಬೇರೆ, ಇದೇ ಬೇರೆ ಕಣಮ್ಮ. ಇದ್ರಲ್ಲಿ ನಿನ್ ಮಗಳು ಇನ್ನೂ ಉಟ್ಟೇ ಇಲ್ಲ."

ಅಮ್ಮ ಅಕ್ಕನ ಹೊಟ್ಟೆಯನ್ನೂ ಕಂಪ್ಯೂಟರನ್ನೂ ಒಮ್ಮೆ ನೋಡಿದರು. "ತುಂಬಿದ್ ಬಸ್ರೀನೇ ಉಟ್ಟಿಲ್ಲ ಅಂತದಲ್ಲವ್ವ ನಿನ್ ಪೆಟ್ಗೆ! ಇನ್ನು ಒಳಗಿರೋದ್ನ ಏನಂತದೋ!"

ಸಾಲಿನಲ್ಲಿದ್ದವರು ನಕ್ಕರು. ಸಿಸ್ಟರಮ್ಮನೂ ನಕ್ಕು, ಹೊಸದಾಗಿ ಹೆಸರು ಬರೆದುಕೊಳ್ಳತೊಡಗಿದರು. ವಯಸ್ಸು, ತೂಕ ಎಲ್ಲ ಆದ ಮೇಲೆ ಅಕ್ಕನನ್ನು ಕೇಳಿದರು.

"ಯಾವ್ದಾರ ಇಂಜೆಕ್ಷನ್ ಒಗ್ಗಲ್ವಾ?"

"ಒಂದು ಒಗ್ಗಲ್ಲ ಮೇಡಂ. ಕೆಂಪಿಂಕಲ್ಲಿ ಬರ್ದಿದ್ರು."

"ಯಾವ್ದು?"

"ಕೆಂಪಿಂಕಲ್ಲಿ ಬರ್ದಿದ್ರು ಮೇಡಂ" ಎಂದಳು ಅಕ್ಕ ಮತ್ತೆ. ಅವಳಿಗೆ ಅಷ್ಟೇ ಗೊತ್ತಿದ್ದದ್ದು. ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ. ಸಿಸ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡಮ್ಮ, ಎಂಗಾರ ಮಾಡಿ ಆ ಎಸ್ರು ತರ್ಸ್ಕಳಿ. ನೋವು ಬಂದಾಗ ಯಾರು ಡ್ಯೂಟಿಲಿರ್ತಾರೋ, ಅವಸರಕ್ಕೆ ಯಾವ ಸೂಜಿ ತಗತಾರೋ, ನಾನಂತೂ ಏಳಕ್ಕಾಗಲ್ಲ" ಎಂದರು.

ಅಂದು ಮನೆಗೆ ಹಿಂದಿರುಗುವಾಗ ಬಸ್ಸು ಸೇತುವೆ ದಾಟಿತು. ಕೆಳಗೆ ಕಪಿಲೆ ಕಾವೇರಿಗೆ ಸೇರುತ್ತಿದ್ದಳು. ನನಗೆ ನಗು ಬಂತು, ಅಕ್ಕ ಪಕ್ಕದಲ್ಲಿದ್ದುದರಿಂದ ನುಂಗಿಕೊಂಡೆ. ನೋಡಿ ಮಾನ್ಯರೇ, ಕಪಿಲೆ ನಂಜನಗೂಡು ದಾಟಿ, ಸುತ್ತೂರಿನ ಪಕ್ಕ ಹಾದು, ಯಾರ ಅನುಮೋದನೆಯನ್ನೂ ಕೇಳದೆ ನರಸೀಪುರಕ್ಕೆ ಬರುತ್ತಾಳೆ. ಅವಳಿಗೆ ತಂತಿ ಬೇಡ, ಪಾಸ್‌ವರ್ಡು ಬೇಡ. ಬರುವಾಗ ನಂಜನಗೂಡಿನವರು ಬಿಟ್ಟ ಹೂವು, ಬಾಳೆಲೆ, ಸೋಪಿನ ನೊರೆ, ಒಂದನ್ನೂ ಮರೆಯದೆ ತರುತ್ತಾಳೆ. ಅಲ್ಲಿಂದ ಇಲ್ಲಿಗೆ ಬಾರದ್ದು ನಿಮ್ಮ ಮಾಹಿತಿ ತಂತ್ರಜ್ಞಾನ ಒಂದೇ. ಅಕ್ಕನ ಕಾರ್ಡನ್ನು ಒಂದು ಮಡಕೆಗೆ ಹಾಕಿ ಹೊಳೆಗೆ ಬಿಟ್ಟಿದ್ದರೂ ಈ ವೇಳೆಗೆ ಬಂದು ತಲುಪುತ್ತಿತ್ತು.

ಮಾರನೆಯ ದಿನ ಭಾವನೂ ನಾನೂ ನಂಜನಗೂಡಿನ ಕಡೆಯ ಆಸ್ಪತ್ರೆಗೆ ಹೋದೆವು. ಕಂಪ್ಯೂಟರಿನ ಮುಂದೆ ಸೋಮಶೇಖರ್ ಎಂಬ ಹುಡುಗ ಕೂತಿದ್ದ. ಗುತ್ತಿಗೆಯ ಮೇಲೆ ಬಂದವನು, ನನ್ನ ವಯಸ್ಸಿನವನೇ. ಮಾತೆಲ್ಲ ಭಾವನದು. ನಾನು ಬಾಗಿಲ ಮೇಲಿನ ನನ್ನ ಬೋರ್ಡನ್ನು ನೋಡದಿರಲು ಪ್ರಯತ್ನಿಸುತ್ತ ನಿಂತಿದ್ದೆ.

"ಕರೆಂಟಿಲ್ಲ ಕಣ್ರೀ. ಮದ್ಯಾನದ ಮೇಲೆ ಬತ್ತದೆ" ಎಂದ ಸೋಮಶೇಖರ್.

ಕೆಮ್ಮಿನ ಔಷಧಿಗೆ ಕಾದು ಕೂತಿದ್ದ ಜವರಯ್ಯ ಎಂಬ ಮುದುಕರು ಬೆಂಚಿನಿಂದಲೇ ಕೇಳಿದರು. "ಅಲ್ಲ ಕಣಪ್ಪ, ಇದ್ಕೂ ನಮ್ ಪಂಪ್‌ಸೆಟ್ಗೂ ಒಂದೇ ಲೈನಾ? ಅಂಗಾರೆ ಮೊದ್ಲೇ ಏಳ್ಬುಡು. ಟಾರ್ಚ್ ಇಡ್ಕಂಡು ರಾತ್ರಿ ಬತ್ತೀವಿ. ನೀರೂ ಕಟ್ದಂಗಾಯ್ತದೆ, ಕೆಮ್ಮೂ ತೋರ್ಸ್ದಂಗಾಯ್ತದೆ."

ಮಧ್ಯಾಹ್ನದ ಮೇಲೆ ಕರೆಂಟು ಬಂತು. ಅಕ್ಕನ ಚರಿತ್ರೆ ತೆರೆದುಕೊಂಡಿತು. ನೀವು ಹೇಳಿದ್ದು ಸುಳ್ಳಲ್ಲ, ಅದರಲ್ಲಿ ಬಹಳ ಇದೆ. ಅಕ್ಕನ ಎತ್ತರ ಇದೆ. ಜಾತಿ ಇದೆ. ಪಡಿತರ ಚೀಟಿಯ ಬಣ್ಣ ಇದೆ. ಮನೆಗೆ ಹೆಂಚೋ ತಾರಸಿಯೋ ಎಂಬುದಿದೆ. ಕೊನೆಯಲ್ಲಿ, ಔಷಧ ಒಗ್ಗದಿರುವಿಕೆ ಎಂಬುದರ ಮುಂದೆ 'ಇಲ್ಲ' ಎಂದಿದೆ.

ಭಾವನ ದನಿ ಏರಿತು. "ಇಲ್ಲ ಅಂತ ಯಾರ್ಲಾ ಏಳಿದ್ದು ನಿಂಗೆ? ನಾಲ್ಗೆ ಊದ್ಕಂಡು ಇದೇ ಬಾಗ್ಲಲ್ಲಿ ಬಿದ್ದಿದ್ಲು!"

"ಯಾರೂ ಏಳ್ಲಿಲ್ಲ ಕಣಣ್ಣ. ಅದು ತಾನೇ ಬತ್ತದೆ. ಮೊದ್ಲಿಂದ್ಲೂ ಎಲ್ರುಗೂ 'ಇಲ್ಲ' ಅಂತ್ಲೇ ಇರ್ತದೆ. ಇದ್ರೆ ನಾವು ಬದ್ಲಾಯ್ಸ್ಬೇಕು. ಗೋಣಿಚೀಲ್ದ ತುಂಬ ಕಾರ್ಡ್ ತಂದ್ ಸುರುದ್ಬುಟ್ಟು, ವಾರದೊಳ್ಗೆ ಮುಗ್ಸು, ಸಾಹೇಬ್ರು ವರದಿ ಕಳಿಸ್ಬೇಕು ಅಂದ್ರು. ಕಣ್ಣು ಕತ್ಲೆ ಬಂದ್ಬುಟ್ಟಿತ್ತು ಕಣಣ್ಣ..."

ಅವನ ಮುಖ ನೋಡಿದರೆ ಬೈಯುವ ಮನಸ್ಸಾಗಲಿಲ್ಲ. ತಕ್ಷಣವೇ ಅವನು 'ಇಲ್ಲ' ತೆಗೆದು 'ಇದೆ' ಎಂದು ಒತ್ತಿದ. ಆಗ ಕಂಪ್ಯೂಟರು ಯಾವ ಔಷಧವೆಂದು ಕೇಳಿತು. ಗೊತ್ತಿಲ್ಲ ಎಂದು ಬರೆದರೆ ಒಪ್ಪಲಿಲ್ಲ. ಖಾಲಿ ಬಿಟ್ಟರೂ ಒಪ್ಪಲಿಲ್ಲ. ಎರಡು ಮೂರು ಸಲ ಕೀಂ ಎಂದು ಕಿರುಚಿ, ಮತ್ತೆ ತಾನಾಗಿಯೇ 'ಇಲ್ಲ' ಎಂಬಲ್ಲಿಗೆ ಹೋಗಿ ಕುಳಿತಿತು. ಮಾನ್ಯರೇ, ನಮ್ಮ ಹಳ್ಳಿಯ ಅತಿ ದಡ್ಡ ಮನುಷ್ಯನೂ 'ಏನೋ ಒಂದು ಒಗ್ಗಲ್ಲ, ಯಾವುದೋ ತಿಳೀದು, ಹುಷಾರು' ಎಂದು ಹೇಳಬಲ್ಲ. ಇಷ್ಟು ಹೇಳಲು ಬಾರದ ಬುದ್ಧಿವಂತನನ್ನು ಎಲ್ಲಿಂದ ಹುಡುಕಿ ತಂದಿರಿ?

"ಓಗ್ಲಿ, ಆ ಕಾರ್ಡಾರ ಕೊಡು" ಎಂದರು ಭಾವ.

ಸೋಮಶೇಖರ್ ತಲೆ ತಗ್ಗಿಸಿದ. "ಕಾಗ್ದ ಇಟ್ಕಬಾರ್ದು ಅಂತ ಆರ್ಡ್ರಿತ್ತಲ್ಲಣ್ಣ. ಇಟ್ರೆ ಗೆದ್ಲು ಇಡೀತದೆ ಅಂತ, ಬಾಣ್ತೀರ ನೀರೊಲೆಗೆ ಆಕ್ಸ್ಬುಟ್ರು."

ಹೀಗೆ ನನ್ನ ಅಕ್ಕನ ಕಾರ್ಡಿನಿಂದ ಯಾವಳೋ ಪುಣ್ಯಾತ್ಗಿತ್ತಿ ಬಾಣಂತಿ ಒಂದು ಚೊಂಬು ಬಿಸಿನೀರು ಹುಯ್ದುಕೊಂಡಳು. ಯೋಜನೆಯ ಫಲ ತಾಯಂದಿರನ್ನು ತಲುಪಿಲ್ಲ ಎಂದು ಯಾರಾದರೂ ದೂರಿದರೆ ದಯವಿಟ್ಟು ಇದನ್ನು ಹೇಳಿ. ಸಾಕ್ಷಿಗೆ ನಾನು ಬರುತ್ತೇನೆ.

ಕೆಂಪು ಶಾಯಿಯಲ್ಲಿ ಬರೆದುಕೊಟ್ಟ ಆ ಡಾಕ್ಟರರಿಗೆ ಗುಲ್ಬರ್ಗದ ಕಡೆಗೆ ವರ್ಗವಾಗಿದೆ. ಸೂಜಿ ಹಾಕಿದ ನರ್ಸಮ್ಮನಿಗೆ ಅಂದು ಎರಡು ಸೂಜಿ ಕೊಟ್ಟದ್ದು ನೆನಪಿದೆ, ಯಾವುವು ಎಂಬುದು ನೆನಪಿಲ್ಲ. ದಿನಕ್ಕೆ ಎಷ್ಟು ತೋಳು ನೋಡುತ್ತಾರೋ ಪಾಪ. ಡಾಕ್ಟರರ ಫೋನ್ ನಂಬರು ಕೇಳಲು ಭಾವ ಮೈಸೂರಿಗೆ, ನಿಮ್ಮ ಕಚೇರಿಗೇ ಬಂದಿದ್ದರು. ನಿಮ್ಮನ್ನು ಕಾಣಲಾಗಲಿಲ್ಲ. ನೀವು ಕಾಗದರಹಿತ ಆಡಳಿತದ ಮೇಲೆ ಉಪನ್ಯಾಸ ಕೊಡಲು ಹೋಗಿದ್ದಿರಂತೆ. ಅಲ್ಲಿದ್ದವರು, "ಅಂಗೆಲ್ಲ ನಂಬರ್ ಕೊಡಕ್ಕಾಗಲ್ಲ ರೀ. ಅರ್ಜಿ ಕೊಡಿ. ಬಿಳೀ ಹಾಳೆ, ಮೂರು ಪ್ರತಿ" ಎಂದರಂತೆ. ಕೊಟ್ಟು ಬಂದರು. ಅವು ಎಲ್ಲಿವೆಯೋ ಗೊತ್ತಿಲ್ಲ. ನಿಮ್ಮ ಕಚೇರಿಯಲ್ಲಿಯೂ ನೀರೊಲೆ ಇದೆಯೇ?

ನನ್ನನ್ನು ಬಲ್ಲವರು ಇದನ್ನೋದಿ, ಇವನಿಗೆ ಕಂಪ್ಯೂಟರಿನ ಮೇಲೆ ಹಳೆಯ ಹಗೆ ಎನ್ನಬಹುದು. ನರಸೀಪುರದಲ್ಲಿ ಫ್ಲೆಕ್ಸ್ ಅಂಗಡಿ ಬಂದ ಮೇಲೆ ನನ್ನ ಅರ್ಧ ಕೆಲಸ ಹೋದದ್ದು ನಿಜ. ಮೊದಲು ಕೈಮುಗಿದ ಪುಢಾರಿಯ ಮುಖ ಬರೆಯಲು ನನಗೆ ಎರಡು ದಿನ ಬೇಕಿತ್ತು. ಈಗ ಮುಖ ಅಲ್ಲೇ ಮುದ್ರಣವಾಗಿ ಬರುತ್ತದೆ, ನನ್ನ ಕೈಯಲ್ಲಿ ಬಂದುದಕ್ಕಿಂತ ಬೆಳ್ಳಗೆ. ಆದರೆ ಹಗೆ ಇಲ್ಲ. ಆ ಅಂಗಡಿಗೆ ಹೋಗಿ ನಿಂತು ನೋಡಿದ್ದೇನೆ. ಫ್ಲೆಕ್ಸಿನವನು ಗಿರಾಕಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಪರದೆಯ ಮೇಲೆ ತೋರಿಸಿ, "ಸರಿಯಾಗದಾ ನೋಡ್ಕಳಣ್ಣ, ಆಮ್ಯಾಕೆ ನನ್ ಬೈಬೇಡ" ಎನ್ನುತ್ತಾನೆ. ಗಿರಾಕಿ ಹೂಂ ಎಂದ ಮೇಲೇ ಮುದ್ರಣ. ನಾನೂ ಹಾಗೆಯೇ. ಮೊದಲು ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ, ಬಣ್ಣ ಆಮೇಲೆ. ಸತ್ತವರ ತಿಥಿಯ ಫ್ಲೆಕ್ಸಿಗೂ ಮನೆಯವರನ್ನು ಕೇಳುತ್ತಾರೆ ಮಾನ್ಯರೇ. ಬದುಕಿರುವ ಹೆಂಗಸಿನ ಚರಿತ್ರೆ ಬರೆಯುವಾಗ ಅವಳನ್ನು ಒಂದು ಮಾತು ಕೇಳಬೇಕೆಂದು ನಿಮಗೇಕೆ ಹೊಳೆಯಲಿಲ್ಲ? ಪರದೆಯನ್ನು ಅವಳ ಕಡೆ ಒಂದಿಷ್ಟು ತಿರುಗಿಸಿ, "ನಿನ್ನ ಬಗ್ಗೆ ಹೀಗೆ ಬರೆದಿದೆ, ಸರಿಯಾ ತಾಯಿ?" ಎಂದು ಸೋಮಶೇಖರ್ ಕೇಳಿದ್ದರೆ, ಅಕ್ಕ ಅಲ್ಲೇ "ಕೆಂಪಿಂಕಲ್ಲಿ ಬರ್ದಿರೋದು ಎಲ್ಲಿ?" ಎನ್ನುತ್ತಿದ್ದಳು. ಅವಳು ಓದಲಾರಳು, ಆದರೆ ಬಣ್ಣ ಬಲ್ಲಳು.

ಆದ್ದರಿಂದ ನನ್ನ ಒತ್ತಾಯ ಕೇಳಿ. ಕಂಪ್ಯೂಟರು ಇರಲಿ. ಅದಕ್ಕೆ ದಿನಾ ಹೂವೂ ಹಾಕಿ. ಆದರೆ ಎರಡು ತಾಲ್ಲೂಕಿನ ಯಂತ್ರಗಳು ಒಂದನ್ನೊಂದು ಮಾತಾಡಿಸುವವರೆಗೆ ಬಸುರಿಯ ಕೈಯಲ್ಲಿರುವ ಕಾರ್ಡು ಕಿತ್ತುಕೊಳ್ಳಬೇಡಿ. ಈಗಾಗಲೇ ಕಿತ್ತುಕೊಂಡಿದ್ದರೆ, ಅವಳು ತವರಿಗೆ ಹೊರಡುವ ಮುಂಚೆ, ಒಂದು ಹಾಳೆ ತೆಗೆದು ಓದಿ ಹೇಳಿ ಕೊಡಿ. ಮುದ್ರಿಸುವ ಯಂತ್ರವನ್ನೂ ತಂದಿದ್ದೀರಿ, ಪ್ಲಾಸ್ಟಿಕ್ ಕವರು ತೆಗೆಯದೆ ಮೂಲೆಯಲ್ಲಿಟ್ಟಿದ್ದನ್ನು ನೋಡಿದ್ದೇನೆ. ಯಾರೂ ಏನೂ ಹೇಳದಿದ್ದಾಗ ತಾನೇ 'ಇಲ್ಲ' ಎಂದು ಬರೆದುಕೊಳ್ಳುವ ಆ ಚಾಳಿಯನ್ನು ಯಂತ್ರಕ್ಕೆ ಬಿಡಿಸಿ. ಇವೆಲ್ಲ ನಿಧಾನವಾಗಲಿ. ಆದರೆ ಒಂದು ಕೆಲಸ ಇಂದೇ ಆಗಬೇಕು. ಗುಲ್ಬರ್ಗದ ಕಡೆ ಇರುವ ಆ ಡಾಕ್ಟರರಿಗೆ ನಿಮ್ಮ ಮೇಜಿನ ಮೇಲಿರುವ ಫೋನಿನಿಂದ ಒಂದು ಕರೆ ಮಾಡಿ. ಕವಲಂದೆಯ ಬೆಟ್ಟಸ್ವಾಮಿಯ ಹೆಂಡತಿ, ಐದು ತಿಂಗಳ ಬಸುರಿ, ನಾಲಿಗೆ ಊದಿದವಳು ಎನ್ನಿ. ಅವರಿಗೆ ನೆನಪಿರುತ್ತದೆ. ಕೈಯಾರೆ ಉಳಿಸಿದವರನ್ನು ಯಾರೂ ಮರೆಯುವುದಿಲ್ಲ. ಅವರು ಹೇಳುವ ಒಂದು ಹೆಸರನ್ನು ಈ ಪತ್ರಿಕೆಯ ಕಚೇರಿಗೆ ತಿಳಿಸಿದರೂ ಸಾಕು.

ನಿನ್ನೆ ಅಕ್ಕ ಅಮ್ಮನ ಹತ್ತಿರ, "ನೋವು ಬಂದ್ರೆ ಆಸ್ಪತ್ರೆಗೇ ಬ್ಯಾಡ ಕಣವ್ವ, ಇಲ್ಲೇ ಆಗ್ಲಿ" ಎನ್ನುತ್ತಿದ್ದಳು. ನಾನು ಜಗುಲಿಯಲ್ಲಿದ್ದೆ. ಮನೆಯಲ್ಲೇ ಹೆರುವುದು ಎಂಥ ಅಪಾಯವೆಂದು ನಿಮ್ಮ ಇಲಾಖೆಗಾಗಿ ಊರೂರಿನ ಗೋಡೆಗಳ ಮೇಲೆ ಬರೆದವನು ನಾನೇ.

ಇವತ್ತು ಬೆಳಿಗ್ಗೆ ಹಳೆಯ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಅಕ್ಕನ ಕೈಗೆ ತಾಗದಂತೆ ಅಂಚು ಮಡಿಸಿ ಬಡಿದು, ಮೇಲೆ ಬಿಳಿ ಬಣ್ಣ ಹೊಡೆದು ಬಿಸಿಲಿಗಿಟ್ಟೆ. ಅದು ಒಣಗುವಷ್ಟರಲ್ಲಿ ಈ ಪತ್ರದ ಅರ್ಧ ಬರೆದೆ. ಆಮೇಲೆ ಕೆಂಪಿನಲ್ಲಿ ಹೀಗೆ ಬರೆದೆ: 'ಮಧುಶ್ರೀ. ಈಕೆಗೆ ಒಂದು ಇಂಜೆಕ್ಷನ್ ಒಗ್ಗುವುದಿಲ್ಲ. ಅದರ ಹೆಸರು'. ಮುಂದೆ ಒಂದು ಸಾಲಿನಷ್ಟು ಜಾಗ ಬಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಮಾತ್ರ ಎಳೆದಿದ್ದೇನೆ. ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಇಟ್ಟಿದ್ದೇನೆ, ಗಟ್ಟಿಯಾಗದಿರಲಿ ಎಂದು.

ಇಂತಿ, ಕಾಗದದ ಮೇಲೆ ಬರೆಯಬೇಕಾಗಿ ಬಂದುದಕ್ಕೆ ಮತ್ತೊಮ್ಮೆ ಕ್ಷಮೆ ಬೇಡುತ್ತ,

ನಿಮ್ಮ ಬಾಗಿಲ ಮೇಲಿನ ಬೋರ್ಡು ಬರೆದವನು,
ದೀಪಕ್
ದೀಪಕ್ ಆರ್ಟ್ಸ್, ಹೆಮ್ಮಿಗೆ